ಮುಷ್ಟಿಯ ಮರ್ಯಾದೆ

ಹಬ್ಬಹರಿದಿನಗಳ ಆಚರಣೆ, ಅತಿಥಿಗಳ ಉಪಚಾರ, ಮಕ್ಕಳ ಓದುಬರಹ ಇವುಗಳನ್ನು ಕುರಿತು ತಿಂಗಳು ತಿಂಗಳೂ ಈ ಪುಟದಲ್ಲಿ ನಾಲ್ಕು ಮಾತು ಬರೆಯುತ್ತ ಬಂದಿರುವ ಈ ಹಳೆಯ ಉಪಾಧ್ಯಾಯನು ಈ ಸಲ ಕರಾಟೆ ವಿದ್ಯೆಯನ್ನು ಕುರಿತು ಬರೆಯಹೊರಟಿರುವುದನ್ನು ಕಂಡು ವಾಚಕರು ನಕ್ಕರೂ ನಗಬಹುದು. ನಾನಾದರೋ ಜನ್ಮದಲ್ಲಿ ಒಂದು ಬಸ್ಕಿಯನ್ನೂ ಸ್ವಸಂತೋಷದಿಂದ ಹೊಡೆದವನಲ್ಲ. ಆದರೆ ಕಳೆದ ಮೇ ತಿಂಗಳಲ್ಲಿ ನಮ್ಮ ಮನೆಯ ಜಗಲಿಯ ಮೇಲೆಯೇ ನಡೆದ ಒಂದು ಸಂಗತಿಯು ನನ್ನ ಮನಸ್ಸನ್ನು ಬಹಳವಾಗಿ ಕಲಕಿತು. ಮಕ್ಕಳನ್ನು ಇಂತಹ ಶಾಲೆಗಳಿಗೆ ಕಳುಹಿಸುತ್ತಿರುವ ಗೃಹಸ್ಥರು ಈಗ ಊರೂರಲ್ಲಿಯೂ ಇರುವುದರಿಂದ ಅದನ್ನು ಮುಚ್ಚಿಡದೆ ಬರೆಯುವುದೇ ಲೇಸೆಂದು ತೋರಿತು.

ನನ್ನ ಮಗಳ ಮಗನು ಹನ್ನೊಂದು ವರ್ಷದವನು; ಕುಣಿಗಲಿನಲ್ಲಿ ಓದುತ್ತಿರುವನು. ಎರಡು ವರ್ಷಗಳಿಂದ ಅಲ್ಲಿಯೇ ಒಂದು ಕರಾಟೆ ಶಾಲೆಗೆ ಹೋಗುತ್ತಿದ್ದಾನೆ. ರಜೆಗೆಂದು ಮಾರ್ಕೋನಹಳ್ಳಿಗೆ ಬರುವಾಗ ತನ್ನ ಬಿಳಿಯ ಉಡುಪನ್ನೂ ಹಸಿರು ಬೆಲ್ಟನ್ನೂ ಚೀಲದಲ್ಲಿಟ್ಟು ತಂದಿದ್ದನು. ಒಂದು ಸಂಜೆ ಅವುಗಳನ್ನು ಧರಿಸಿ ಜಗಲಿಯ ಮೇಲೆ ನಿಂತು ಗಾಳಿಗೆ ಗುದ್ದುವುದನ್ನೂ ಒದೆಯುವುದನ್ನೂ ತೋರಿಸತೊಡಗಿದನು. ಬೀದಿಯ ಹುಡುಗರೆಲ್ಲ ನೆರೆದರು. ನಾನೂ ಕುರ್ಚಿಯನ್ನೆಳೆದುಕೊಂಡು ಕುಳಿತು ನೋಡಿದೆನು. "ಇನ್ನೊಂದು ಸಲ ತೋರಿಸೋ" ಎಂದು ಹೇಳಿದವನೂ ನಾನೇ. ಆಗ ಅವನು ನೆರೆಮನೆಯ ಒಂಬತ್ತು ವರ್ಷದ ಹುಡುಗನನ್ನು ಕರೆದು ತನ್ನೆದುರಿಗೆ ನಿಲ್ಲಿಸಿಕೊಂಡು, ಅವನ ಮುಖದ ಮಟ್ಟಕ್ಕೆ ಕಾಲೆತ್ತಿ ಬೀಸಿದನು. ಕಾಲು ತಗಲಲೇ ಇಲ್ಲವೆಂದು ನನ್ನ ಮೊಮ್ಮಗನು ಇಂದಿಗೂ ಹೇಳುವನು. ತಗಲಿತೋ, ಹುಡುಗನು ಬೆದರಿ ಹಿಂದಕ್ಕೆ ಸರಿದನೋ, ಕಣ್ಣೆದುರಿಗೇ ಇದ್ದ ನನಗೂ ತಿಳಿಯಲಿಲ್ಲ. ಅವನು ಜಗಲಿಯಿಂದ ಕೆಳಕ್ಕುರುಳಿ ಕಲ್ಲಿನ ಮೆಟ್ಟಿಲಿಗೆ ಬಾಯಿ ಬಡಿದುಕೊಂಡನು. ಮುಂದಿನ ಹಲ್ಲು ಅರ್ಧ ಮುರಿಯಿತು, ಅಂಗಿಯೆಲ್ಲ ರಕ್ತವಾಯಿತು.

ದಂತವೈದ್ಯರಲ್ಲಿಗೆ ಕರೆದೊಯ್ದೆವು. ಮುರಿದ ಹಲ್ಲು ಹಾಲುಹಲ್ಲಲ್ಲ, ಮತ್ತೆ ಬೆಳೆಯುವುದಲ್ಲ. ವೈದ್ಯರು ಸದ್ಯಕ್ಕೆ ತುಂಬಿ ಸರಿಪಡಿಸಿ, ಹುಡುಗನು ದೊಡ್ಡವನಾದ ಮೇಲೆ ಕವಚ ಹಾಕಿಸಬೇಕಾಗಬಹುದೆಂದರು. ವೆಚ್ಚವನ್ನು ಕೊಡಹೋದರೆ ಆ ಹುಡುಗನ ತಂದೆಯವರು ತೆಗೆದುಕೊಳ್ಳಲಿಲ್ಲ. ರಾತ್ರಿ ಜಗಲಿಗೆ ಬಂದು ಕುಳಿತು, "ಮಕ್ಕಳಾಟ, ಬಿಡಿ ಮೇಷ್ಟ್ರೆ. ಆದರೆ ಒಂದು ಮಾತು ಕೇಳುತ್ತೇನೆ, ಬೇಸರ ಪಟ್ಟುಕೊಳ್ಳಬೇಡಿ. ಆ ಶಾಲೆಯಲ್ಲಿ ಹೊಡೆಯುವುದನ್ನು ಕಲಿಸುತ್ತಾರಲ್ಲ, ನಿಲ್ಲಿಸುವುದನ್ನೂ ಕಲಿಸುತ್ತಾರೆಯೆ?" ಎಂದು ಕೇಳಿದರು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪ್ರಶ್ನೆ ಕೇಳುವುದನ್ನೇ ಉದ್ಯೋಗವಾಗಿ ಮಾಡಿಕೊಂಡಿದ್ದ ನನಗೆ ಈ ಪ್ರಶ್ನೆಗೆ ಉತ್ತರ ತಿಳಿಯಲಿಲ್ಲ. ಆದುದರಿಂದ ಜೂನ್ ತಿಂಗಳಲ್ಲಿ ಶಾಲೆ ಪುನಃ ಆರಂಭವಾದೊಡನೆ ಒಂದು ಶನಿವಾರ ಮುಂಜಾನೆಯ ಬಸ್ಸು ಹಿಡಿದು ಕುಣಿಗಲಿಗೆ ಹೋಗಿ, ಅಲ್ಲಿ ನಡೆಯುವುದನ್ನು ಒಂದು ಮೂಲೆಯಲ್ಲಿ ಕುಳಿತು ನೋಡಿದೆನು.

ನೋಡಿ ನಾನು ಚಕಿತನಾದೆನೆಂದರೆ ಅತಿಶಯೋಕ್ತಿಯಲ್ಲ. ಹೊಡೆತ ಬಡಿತಗಳ ಗದ್ದಲವನ್ನು ನಿರೀಕ್ಷಿಸಿ ಹೋದವನಿಗೆ ಮೊದಲು ಕಂಡುದು ಬಾಗಿಲ ಹೊರಗೆ ಸಾಲಾಗಿ ಜೋಡಿಸಿಟ್ಟಿದ್ದ ಚಪ್ಪಲಿಗಳು. ಒಳಗೆ ಕಾಲಿಡುವಾಗ ಪ್ರತಿಯೊಂದು ಮಗುವೂ ಹೊಸ್ತಿಲಲ್ಲಿ ನಿಂತು ನಡುಬಾಗಿ ವಂದಿಸುವುದು. ಹುಡುಗಿಯರೂ ಹುಡುಗರೂ ಬಹುಮಟ್ಟಿಗೆ ಸಮಸಂಖ್ಯೆಯಲ್ಲಿದ್ದರು. ಬಳೆ, ಉಂಗುರ, ಕೈಗಡಿಯಾರಗಳನ್ನೆಲ್ಲ ಕಳಚಿಡಬೇಕು. ಹಿರಿಯ ವಿದ್ಯಾರ್ಥಿಯೊಬ್ಬಳು ಕಿರಿಯರ ಕೈಕಾಲುಗಳ ಉಗುರುಗಳನ್ನು ಪರೀಕ್ಷಿಸಿ, ಉದ್ದವಿದ್ದವರನ್ನು ಹೊರಕ್ಕೆ ಕಳುಹಿಸಿ ಕತ್ತರಿಸಿಕೊಂಡು ಬರಹೇಳಿದಳು. ಇದು ಬರಿಯ ಶುಚಿತ್ವದ ವಿಷಯವಲ್ಲ. ಉದ್ದುಗುರು ಎದುರಾಳಿಯ ಕಣ್ಣಿಗೆ ಅಪಾಯ, ಉಂಗುರವು ಅವನ ತುಟಿಗೆ ಅಪಾಯ. ಬೆವರು ನಾರುವ ಉಡುಪಿನಿಂದ ಬಂದವನು ತನ್ನೊಡನೆ ಅಭ್ಯಾಸ ಮಾಡುವವನನ್ನು ಅವಮಾನಿಸಿದಂತೆಯೇ ಸರಿ ಎಂದು ಗುರುಗಳು ವಿವರಿಸಿದರು. ಬಳಿಕ ಎಲ್ಲರೂ ಹಿರಿತನದ ಕ್ರಮದಲ್ಲಿ ಸಾಲಾಗಿ ಮಂಡಿಯೂರಿ ಕುಳಿತು, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಮೌನವಾಗಿದ್ದು, ಗುರುವಿಗೆ ವಂದಿಸಿದರು. ಗುರುವೂ ಅಷ್ಟೇ ಬಾಗಿ ಅವರಿಗೆ ವಂದಿಸಿದರು. ಈ ಪ್ರತಿವಂದನೆಯನ್ನು ನೋಡಿ ನನಗೆ ಸ್ವಲ್ಪ ನಾಚಿಕೆಯಾಯಿತು. ನನ್ನ ತರಗತಿಯಲ್ಲಿ ನಲವತ್ತು ಮಕ್ಕಳು ಎದ್ದು ನಿಂತು ಕೈಮುಗಿದರೆ ನಾನು ಹಾಜರಿಯ ಪುಸ್ತಕದಿಂದ ತಲೆಯೆತ್ತದೆ 'ಹೂಂ, ಕೂತ್ಕೊಳ್ಳಿ' ಎನ್ನುತ್ತಿದ್ದವನು.

ಜೊತೆಜೊತೆಯಾಗಿ ಅಭ್ಯಾಸಕ್ಕೆ ನಿಂತಾಗಲೂ ಮೊದಲು ಪರಸ್ಪರ ವಂದನೆ, ಮುಗಿದಾಗಲೂ ವಂದನೆ. ಗುದ್ದು ಬರುವುದು ಮಿಂಚಿನಂತೆ. ಆದರೆ ಮುಖದಿಂದ ಒಂದೆರಡು ಅಂಗುಲದ ದೂರದಲ್ಲಿ ಬಂದು ನಿಲ್ಲುವುದು. ಗುರುವು 'ಯಾಮೆ' ಎಂದೊಡನೆ, ಅಂದರೆ ನಿಲ್ಲಿಸಿರೆಂದೊಡನೆ, ಎತ್ತಿದ ಕೈ ಎತ್ತಿದಂತೆಯೇ ನಿಂತುಬಿಡುವುದು. ನೆರೆಯವರ ಪ್ರಶ್ನೆಗೆ ಉತ್ತರವನ್ನು ನಾನು ಕಣ್ಣಾರೆ ಕಂಡಂತಾಯಿತು. ಆದರೆ ನಿಲ್ಲಿಸುವುದನ್ನು ಕಲಿತಿದ್ದ ಹುಡುಗನು ನನ್ನ ಜಗಲಿಯ ಮೇಲೆ ಏಕೆ ನಿಲ್ಲಿಸಲಿಲ್ಲವೆಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಪಾಠ ಮುಗಿದ ಮೇಲೆ ಮೊಮ್ಮಗನನ್ನು ಎದುರಿಗಿಟ್ಟುಕೊಂಡೇ ಗುರುಗಳಿಗೆ ಎಲ್ಲವನ್ನೂ ಹೇಳಿದೆನು. ಅವರು ಕೋಪಿಸಿಕೊಳ್ಳಲಿಲ್ಲ. "ಜಗಲಿಯ ಮೇಲೆ ಆ ಮಗುವಿಗೆ ವಂದನೆ ಮಾಡಿದೆಯಾ?" ಎಂದು ಮಾತ್ರ ಹುಡುಗನನ್ನು ಕೇಳಿದರು. "ಇಲ್ಲ" ಎಂದನು. "ಅವನ ಒಪ್ಪಿಗೆ ಕೇಳಿದೆಯಾ?" "ಇಲ್ಲ." ಗುರುಗಳು ಅವನ ಹಸಿರು ಬೆಲ್ಟನ್ನು ಬಿಚ್ಚಿಸಿ ಮಡಿಸಿ ತಾವೇ ಇಟ್ಟುಕೊಂಡರು. ಮೂರು ತಿಂಗಳ ಕಾಲ ಅವನು ಬಿಳಿಯ ಬೆಲ್ಟು ಕಟ್ಟಿ ಎಲ್ಲರಿಗಿಂತ ಕೊನೆಯ ಸಾಲಿನಲ್ಲಿ ನಿಲ್ಲತಕ್ಕದ್ದು. ಪಾಠಕ್ಕೆ ಮೊದಲು ನೆಲ ಗುಡಿಸತಕ್ಕದ್ದು. ಜೊತೆ ಅಭ್ಯಾಸದಲ್ಲಿ ಹೊಡೆಯುವ ಪಾತ್ರ ಅವನಿಗಿಲ್ಲ, ತಡೆಯುವ ಪಾತ್ರ ಮಾತ್ರ. ಹುಡುಗನ ಕಣ್ಣಿನಲ್ಲಿ ನೀರು ತುಂಬಿತು. ನನ್ನ ಕಣ್ಣಿನಲ್ಲಿಯೂ ತುಂಬಿತೆಂದು ಒಪ್ಪಿಕೊಳ್ಳುತ್ತೇನೆ. ಇನ್ನೊಂದು ಸಲ ತೋರಿಸೆಂದವನಿಗೆ ಯಾವ ದಂಡನೆಯೂ ಆಗಲಿಲ್ಲವಲ್ಲ!

ಈ ಶಿಷ್ಟಾಚಾರವು ಜಪಾನಿನಿಂದ ಬಂದ ವಿಚಿತ್ರವೆಂದು ಕೆಲವರು ಎಣಿಸಬಹುದು. ನಮ್ಮ ಸೀಮೆಯ ಗರಡಿಮನೆಯನ್ನು ಕಂಡವರು ಹಾಗೆ ಹೇಳಲಾರರು. ನಾನು ಮೈಸೂರಿನಲ್ಲಿ ಸಂಸ್ಕೃತ ಓದುತ್ತಿದ್ದಾಗ ಸಹಪಾಠಿಯೊಬ್ಬನು ಬಲವಂತವಾಗಿ ನನ್ನನ್ನು ಒಂದು ಗರಡಿಗೆ ಕರೆದುಕೊಂಡು ಹೋಗುತ್ತಿದ್ದನು. ಅವನು ಸಾಮು ಮಾಡುವನು, ನಾನು ಹೊರಗೆ ಕುಳಿತು ಶಬ್ದರೂಪಗಳನ್ನು ಬಾಯಿಪಾಠ ಮಾಡುವೆನು. ಅಲ್ಲಿಯೂ ಪಾದರಕ್ಷೆ ಹೊರಗೆ. ಒಳಹೊಕ್ಕವನು ಆಂಜನೇಯನ ಪಟಕ್ಕೆ ಕೈಮುಗಿದು, ಕೆಂಪು ಮಣ್ಣನ್ನು ಮುಟ್ಟಿ ಹಣೆಗೊತ್ತಿಕೊಂಡು, ಉಸ್ತಾದರಿಗೆ ವಂದಿಸಿಯೇ ಅಖಾಡಕ್ಕೆ ಇಳಿಯಬೇಕು. ಮುಂಜಾನೆ ಮಣ್ಣು ಅಗೆದು ಹದಮಾಡುವುದು ಕಿರಿಯರ ಕೆಲಸ. ಕುಸ್ತಿ ಹಿಡಿಯುವ ಮೊದಲು ಕೈ ಕೊಟ್ಟು, ಮುಗಿದ ಮೇಲೆ ಗೆದ್ದವನೂ ಸೋತವನೂ ಒಬ್ಬರ ಬೆನ್ನಿಗೊಬ್ಬರು ಮಣ್ಣು ಸವರಿ ಬೆವರಾರಿಸುವರು. ಸಾಹುಕಾರನ ಮಗನೂ ಕೂಲಿಯವನ ಮಗನೂ ಅದೇ ಲಂಗೋಟಿ, ಅದೇ ಮಣ್ಣು.

ಇನ್ನು ಮುಷ್ಟಿಯುದ್ಧವನ್ನೇ ಹೇಳುವುದಾದರೆ, ಮೈಸೂರರಮನೆಯ ಕರಿಕಲ್ಲು ತೊಟ್ಟಿಯಲ್ಲಿ ವಿಜಯದಶಮಿಯ ದಿನ ನಡೆದುಬಂದಿರುವ ಜೆಟ್ಟಿಗಳ ವಜ್ರಮುಷ್ಟಿ ಕಾಳಗವನ್ನು ಯಾರು ಅರಿಯರು? ತಲೆ ಬೋಳಿಸಿಕೊಂಡು ಮುಷ್ಟಿಗೆ ಆಯುಧ ಧರಿಸಿದ ಇಬ್ಬರು ಮಲ್ಲರು ಎದುರುಬದುರು ನಿಲ್ಲುವರು. ನೋಡುವವರಿಗೆ ಎದೆ ನಡುಗುವುದು. ಆದರೆ ಒಬ್ಬನ ತಲೆಯಿಂದ ಮೊದಲ ಹನಿ ರಕ್ತ ಕಾಣಿಸಿದ ಕ್ಷಣವೇ ಕಾಳಗ ಮುಗಿಯಿತು. ಅನಂತರ ಒಂದು ಏಟೂ ಇಲ್ಲ. ಅಷ್ಟು ಉಗ್ರವಾದ ಕಾಳಗಕ್ಕೆ ಅಷ್ಟು ಚಿಕ್ಕ ಮೇರೆ. ಆ ಮೇರೆಯನ್ನು ಮೀರಿದರೆ ಅದು ವಿದ್ಯೆಯಾಗಿ ಉಳಿಯದೆ ಬೀದಿಜಗಳವಾಗುವುದು.

ಸಂಸ್ಕೃತಾಭ್ಯಾಸಿಯ ಚಪಲವೆಂದು ಕ್ಷಮಿಸುವುದಾದರೆ ಒಂದೆರಡು ಶಬ್ದಗಳ ವಿಚಾರ. ಕರಾಟೆ ಕಲಿಯುವ ಸ್ಥಳಕ್ಕೆ ಜಪಾನೀಯರು 'ಡೋಜೋ' ಎನ್ನುವರು. ಈ ಪದವು ಮೂಲತಃ ಬೌದ್ಧರದು. ಸಂಸ್ಕೃತದ 'ಬೋಧಿಮಂಡ' ಎಂಬ ಶಬ್ದವನ್ನು, ಎಂದರೆ ಭಗವಾನ್ ಬುದ್ಧನಿಗೆ ಜ್ಞಾನೋದಯವಾದ ಪೀಠವೆಂಬುದನ್ನು, ಚೀನೀ ಭಾಷೆಗೆ ತಿರುಗಿಸಿದಾಗ ಹುಟ್ಟಿದುದು. ಅಂತು ನಮ್ಮ ಮನೆಯ ಶಬ್ದವೇ ದೇಶಾಂತರ ಹೋಗಿ ಬಿಳಿಯ ಉಡುಪು ತೊಟ್ಟು ಕುಣಿಗಲಿಗೆ ಮರಳಿದೆ. ಗುರುವನ್ನು 'ಸೆನ್ಸೈ' ಎನ್ನುವರು, ಮುಂಚೆ ಹುಟ್ಟಿದವನೆಂದರ್ಥ. ನಮ್ಮ 'ಜೆಟ್ಟಿ' ಎಂಬುದೂ ಜ್ಯೇಷ್ಠ ಶಬ್ದದಿಂದ ಬಂದುದೆಂದು ಬಲ್ಲವರು ಹೇಳುವರು. 'ಕರಾಟೆ' ಎಂದರೆ ಬರಿಗೈ. ಹಿಂದೆ ಅದೇ ಉಚ್ಚಾರಣೆಯನ್ನು ಚೀನಾದ ಕೈ ಎಂಬರ್ಥದ ಲಿಪಿಯಲ್ಲಿ ಬರೆಯುತ್ತಿದ್ದರಂತೆ. ಶೂನ್ಯ ಎಂಬರ್ಥದ ಅಕ್ಷರವನ್ನು ಬಳಕೆಗೆ ತಂದವರಲ್ಲಿ ಮುಖ್ಯರು ಗಿಚಿನ್ ಫುನಾಕೋಶಿ. ಒಕಿನಾವಾ ದ್ವೀಪದಲ್ಲಿ 1868ರಲ್ಲಿ ಹುಟ್ಟಿದ ಇವರು 1922ರಲ್ಲಿ ಟೋಕಿಯೋ ನಗರದಲ್ಲಿ ಈ ವಿದ್ಯೆಯನ್ನು ಪ್ರದರ್ಶಿಸಿ, ಮುಂದೆ ಅಲ್ಲಿಯೇ ನೆಲೆಸಿ ಅದನ್ನು ಪ್ರಚಾರಮಾಡಿ 1957ರಲ್ಲಿ ತೀರಿಕೊಂಡರು. ಅವರು ಬಹುಕಾಲ ಪ್ರಾಥಮಿಕ ಶಾಲೆಯ ಉಪಾಧ್ಯಾಯರಾಗಿದ್ದವರೆಂದು ತಿಳಿದಾಗ ನನಗೆ ಹೇಳಲಾರದಷ್ಟು ಸಂತೋಷವಾಯಿತು. ಶಿಷ್ಯರಿಗಾಗಿ ಅವರು ಇಪ್ಪತ್ತು ಸೂತ್ರಗಳನ್ನು ಬರೆದಿಟ್ಟಿರುವರು. ಅವುಗಳಲ್ಲಿ ಮೊಟ್ಟಮೊದಲನೆಯದೇ ವಂದನೆಯನ್ನು ಕುರಿತದ್ದು. ಎರಡನೆಯದು ಮೊದಲ ಏಟನ್ನು ತಾನು ಹೊಡೆಯಕೂಡದೆಂಬುದನ್ನು ಕುರಿತದ್ದು. ಗುದ್ದುವ ಬಗೆಯನ್ನು ಕಲಿಸಿದಾತನು ಗುದ್ದನ್ನು ಮೊದಲಿಗೆ ಇಡಲಿಲ್ಲ.

ಇದಕ್ಕೆ ನಮ್ಮ ಮಹಾಭಾರತದಲ್ಲಿ ಇರುವ ದೃಷ್ಟಾಂತವನ್ನು ನನ್ನ ಮೊಮ್ಮಗನಿಗೆ ಬಸ್ಸಿನಲ್ಲಿ ಹೇಳಿದೆನು. ಸೌಪ್ತಿಕಪರ್ವದಲ್ಲಿ ಅಶ್ವತ್ಥಾಮನೂ ಅರ್ಜುನನೂ ಒಬ್ಬರ ಮೇಲೊಬ್ಬರು ಬ್ರಹ್ಮಶಿರೋಸ್ತ್ರವನ್ನು ಬಿಟ್ಟರು. ವ್ಯಾಸನಾರದರು ನಡುವೆ ಬಂದು ನಿಂತರು. ಅರ್ಜುನನು ತನ್ನ ಅಸ್ತ್ರವನ್ನು ಉಪಸಂಹಾರ ಮಾಡಿದನು, ಅಂದರೆ ಹಿಂದಕ್ಕೆ ತೆಗೆದುಕೊಂಡನು. ಅಶ್ವತ್ಥಾಮನಿಂದ ಅದು ಆಗಲಿಲ್ಲ. ಅವನ ಅಸ್ತ್ರವು ಪಾಂಡವರ ಸ್ತ್ರೀಯರ ಗರ್ಭಗಳ ಮೇಲೆ ಹೋಗಿ ಬಿದ್ದಿತು. ಇಬ್ಬರಿಗೂ ಗುರು ಒಬ್ಬನೇ, ಅಸ್ತ್ರ ಒಂದೇ. ದ್ರೋಣನು ಅರ್ಜುನನಿಗೆ ಸಂತೋಷದಿಂದ ಉಪದೇಶಿಸಿದನು. ಮಗನಿಗಾದರೋ ಅವನ ಕಾಟ ತಾಳಲಾರದೆ, ಮನಸ್ಸಿಲ್ಲದ ಮನಸ್ಸಿನಿಂದ, ಎಂತಹ ಆಪತ್ತಿನಲ್ಲಿಯೂ ಮನುಷ್ಯರ ಮೇಲೆ ಪ್ರಯೋಗಿಸಬೇಡವೆಂದು ಹೇಳಿ ಕೊಟ್ಟನು. ಮಗನ ಸ್ವಭಾವ ತಿಳಿದೂ ಕೊಟ್ಟನಲ್ಲ, ಅದೇ ದ್ರೋಣನ ತಪ್ಪು ಎಂದು ನನ್ನ ಅಭಿಪ್ರಾಯ. ಹುಡುಗನು ಎಲ್ಲವನ್ನೂ ಕೇಳಿ, "ತಾತ, ಅಶ್ವತ್ಥಾಮ ಬಿಳಿ ಬೆಲ್ಟಾ?" ಎಂದನು. ಬಸ್ಸಿನವರೆಲ್ಲ ನಕ್ಕರು. ಆದರೂ ಪ್ರಶ್ನೆ ಸರಿಯಾಗಿಯೇ ಇದೆ.

ಊರಿಗೆ ಬಂದ ಮೇಲೆ ಅವನನ್ನು ಅಣೆಕಟ್ಟಿನ ಬಳಿಗೆ ಕರೆದುಕೊಂಡು ಹೋದೆನು. ನಾಲ್ವಡಿ ಕೃಷ್ಣರಾಜ ಒಡೆಯರವರ ಕಾಲದಲ್ಲಿ ಶಿಂಷಾನದಿಗೆ ಕಟ್ಟಿದ ನಮ್ಮ ಮಾರ್ಕೋನಹಳ್ಳಿಯ ಕಟ್ಟೆಯಲ್ಲಿ ಸೈಫನ್ ಎಂಬ ಏರ್ಪಾಡು ಇರುವುದನ್ನು ಈ ಕಡೆಯವರು ಬಲ್ಲರು. ನೀರು ಗೊತ್ತಾದ ಮಟ್ಟವನ್ನು ಮೀರಿದೊಡನೆ, ಯಾರೂ ಬಾಗಿಲೆತ್ತದೆ, ತಾನಾಗಿಯೇ ಸೆಳೆಯಲ್ಪಟ್ಟು ಹೊರಬೀಳುವುದು. ಮಟ್ಟ ತಗ್ಗಿ ಗಾಳಿ ಒಳಹೊಕ್ಕೊಡನೆ ತಾನಾಗಿಯೇ ನಿಲ್ಲುವುದು. ಮರ್ಯಾದಾ ಎಂಬ ಶಬ್ದಕ್ಕೆ ಸಂಸ್ಕೃತದಲ್ಲಿ ಎಲ್ಲೆ, ಮೇರೆ, ಸಮುದ್ರದ ದಡ ಎಂಬ ಅರ್ಥಗಳುಂಟು. ನಾವು ಕನ್ನಡದಲ್ಲಿ ಅದನ್ನು ಗೌರವವೆಂಬರ್ಥಕ್ಕೆ ತಿರುಗಿಸಿಕೊಂಡು, ದೊಡ್ಡವರಿಗೆ ಮರ್ಯಾದೆ ಕೊಡು ಎನ್ನುತ್ತೇವೆ. ಕರಾಟೆಯ ಮಕ್ಕಳಿಗೆ ಮೊದಲ ಅರ್ಥವನ್ನೇ ಹೇಳಿಕೊಡಬೇಕು. ಶಾಲೆಯಲ್ಲಿ ಗುರು ಯಾಮೆ ಎಂದಾಗ ಕೈ ನಿಲ್ಲುವುದು ಇನ್ನೊಬ್ಬರು ಬಾಗಿಲು ಮುಚ್ಚಿದಂತೆ. ಜಗಲಿಯ ಮೇಲೆ ಯಾಮೆ ಎನ್ನುವವರು ಯಾರು? ಅಲ್ಲಿ ಕುಳಿತಿದ್ದ ಮುದುಕನು ಮತ್ತೊಮ್ಮೆ ಎಂದನು! ಬಾಗುವುದು, ಒಪ್ಪಿಗೆ ಕೇಳುವುದು, ಎದುರಿಗಿರುವವನ ಕಣ್ಣು ನೋಡುವುದು, ಇವು ಮೈಗೆ ಹತ್ತಿದವನಿಗೆ ಹೊರಗಿನ ಯಾಮೆ ಬೇಕಾಗಲಾರದು. ವಂದಿಸುವಷ್ಟು ಹೊತ್ತು ಕೈ ತಡೆದುಕೊಂಡೇ ಇರುತ್ತದೆ. ಆ ಹೊತ್ತಿನಲ್ಲಿ ಎದುರಿನವನು ತನಗಿಂತ ಚಿಕ್ಕವನೆಂಬುದೂ, ಜಗಲಿಗೆ ಕಲ್ಲಿನ ಮೆಟ್ಟಿಲಿದೆಯೆಂಬುದೂ ಕಣ್ಣಿಗೆ ಬೀಳುತ್ತದೆ.

ಮನೆಯವರು ಮಾಡಬೇಕಾದುದೂ ಉಂಟು. ಬಂಧುಗಳು ಬಂದಾಗ 'ಮಾಮನಿಗೆ ಒಂದು ಕಿಕ್ಕು ತೋರಿಸಪ್ಪ' ಎಂದು ಮಗುವನ್ನು ಕುಣಿಸುವುದನ್ನು ಬಿಡಬೇಕು, ನಾನು ಬಿಟ್ಟಿದ್ದೇನೆ. ಉಡುಪನ್ನು ತಾಯಿಯೇ ಒಗೆದು ಮಡಿಸಿ ಚೀಲಕ್ಕೆ ತುಂಬಬೇಕಾಗಿಲ್ಲ. ಹತ್ತು ವರ್ಷದ ಮಗು ತಾನೇ ಮಾಡಿಕೊಳ್ಳಬಲ್ಲುದು. ಹೊತ್ತಿಗೆ ಮೊದಲೇ ಕಳುಹಿಸಬೇಕು. ಬೆಲ್ಟಿನ ಬಣ್ಣ ಬೇಗ ಬದಲಾಯಿಸಿರೆಂದು ಗುರುವನ್ನು ಪೀಡಿಸಬಾರದು. ಪರೀಕ್ಷೆಯ ಶುಲ್ಕ ತೆತ್ತ ಮಾತ್ರಕ್ಕೆ ಬಣ್ಣ ಬದಲಾಯಿಸುವ ಕಡೆಗಳೂ ಇವೆಯೆಂದು ಕೇಳಿದ್ದೇನೆ. ಅಲ್ಲಿ ಮಾರಾಟವಾಗುವುದು ಬಟ್ಟೆ ಮಾತ್ರ. ಇನ್ನೊಂದು ಶಾಲೆಯ ಮಕ್ಕಳನ್ನು ಹಳಿಯುವುದನ್ನು ಮನೆಯಲ್ಲಿ ಕೇಳಿಯೂ ಸುಮ್ಮನಿರಬಾರದು. ಗುರುವಿನ ಅನುಮತಿಯಿಲ್ಲದೆ ತಾನು ಕಲಿತುದನ್ನು ಬೀದಿಯ ಕಿರಿಯರಿಗೆ ಕಲಿಸಕೂಡದೆಂಬ ನಿಯಮವನ್ನು ಮೊಮ್ಮಗನು ಬಲ್ಲವನೇ ಆಗಿದ್ದನು, ಮರೆಸಿದವನು ನಾನು.

ಆದರೆ ವಿಧೇಯತೆಗೂ ಒಂದು ಮೇರೆಯಿದೆ. ಗುರುವಿಗೆ ಬಾಗು ಎಂದು ಕಲಿಸುವಾಗಲೇ, ಗುರುವಾದರೂ ಹಿರಿಯ ವಿದ್ಯಾರ್ಥಿಯಾದರೂ ನೋವು ಮಾಡಿದರೆ, ಅನುಚಿತವಾಗಿ ಮುಟ್ಟಿದರೆ, ಮನೆಯಲ್ಲಿ ಹೇಳಬೇಡವೆಂದರೆ, ಆ ದಿನವೇ ಮನೆಯಲ್ಲಿ ಹೇಳಬೇಕೆಂದು ಮಕ್ಕಳಿಗೆ, ಅದರಲ್ಲಿಯೂ ಹೆಣ್ಣುಮಕ್ಕಳಿಗೆ, ಸ್ಪಷ್ಟವಾಗಿ ತಿಳಿಸಬೇಕು. ತಂದೆತಾಯಿಗಳು ಬಂದು ಮೂಲೆಯಲ್ಲಿ ಕುಳಿತು ನೋಡುವುದನ್ನು ಒಪ್ಪದ ಶಾಲೆಗೆ ಮಗುವನ್ನು ಕಳುಹಿಸಬೇಡಿ. ನನ್ನನ್ನು ಕುಣಿಗಲಿನ ಗುರುಗಳು ಯಾರೆಂದು ಕೂಡ ಕೇಳದೆ ಚಾಪೆ ಹಾಕಿ ಕೂರಿಸಿದರು.

ಈ ಮಾತನ್ನು ಬರೆಯುವ ಅಧಿಕಾರ ನನಗೆ ಪೂರ್ತಿಯಾಗಿ ಇಲ್ಲ. ನಾನು ಹೊಸದಾಗಿ ಕೆಲಸಕ್ಕೆ ಸೇರಿದ ವರ್ಷಗಳಲ್ಲಿ ಬೆತ್ತವಿಲ್ಲದ ಉಪಾಧ್ಯಾಯನೆಂದರೆ ಯಜ್ಞೋಪವೀತವಿಲ್ಲದ ವೈದಿಕನಂತೆ ಎಂದು ನಂಬಿದ್ದೆವು. ಏಳನೆಯ ತರಗತಿಯ ಒಬ್ಬ ಹುಡುಗನು ರಾಮಶಬ್ದದ ಚತುರ್ಥಿಯನ್ನು ಮೂರನೆಯ ಸಲ ತಪ್ಪಿದನೆಂದು ರೂಲುದೊಣ್ಣೆಯಿಂದ ಕೈ ಗೆಣ್ಣಿನ ಮೇಲೆ ಹೊಡೆದೆನು. ಎತ್ತಿದಾಗಲೇ ಇದು ಹೆಚ್ಚಾಯಿತೆಂದು ನನಗೆ ತಿಳಿದಿತ್ತು. ತಿಳಿದೂ ಕೈ ನಿಲ್ಲಲಿಲ್ಲ. ಬೆರಳು ಬಾತುಕೊಂಡಿತು. ಅವನ ತಾಯಿ ಬಂದು, "ಇನ್ನೂ ನಾಲ್ಕು ಹಾಕಿ ಸ್ವಾಮಿ, ಬುದ್ಧಿ ಬರಲಿ" ಎಂದು ನನಗೇ ಕೈಮುಗಿದಳು. ಮರುವರ್ಷ ಅವನು ಸಂಸ್ಕೃತವನ್ನು ಬಿಟ್ಟನು. 2009ರ ಶಿಕ್ಷಣದ ಹಕ್ಕಿನ ಕಾನೂನು ಶಾಲೆಗಳಲ್ಲಿ ದೈಹಿಕ ಶಿಕ್ಷೆಯನ್ನು ನಿಷೇಧಿಸಿದಾಗ ಸಹೋದ್ಯೋಗಿಗಳು ಗೊಣಗಿದರು. ಅಷ್ಟು ಹೊತ್ತಿಗೆ ನನ್ನ ದೊಣ್ಣೆ ಬಹಳ ವರ್ಷಗಳಿಂದ ಅಟ್ಟದ ಮೇಲಿದ್ದಿತು. ಆದರೂ ಆ ಬಾತ ಬೆರಳನ್ನು ಮರೆತಿಲ್ಲ. ಕುಣಿಗಲಿನ ಗುರುಗಳು ಒಂದು ಪೆಟ್ಟನ್ನೂ ಕೊಡದೆ, ಒಂದು ಬೈಗುಳನ್ನೂ ಆಡದೆ, ಬೆಲ್ಟನ್ನು ಮಡಿಸಿಟ್ಟುಕೊಂಡಾಗ ನನಗೆ ಅದೇ ನೆನಪಾಯಿತು.

ನನ್ನ ಮಗಳಿಗೆ ಈ ಏರ್ಪಾಡು ಒಪ್ಪಿಗೆಯಾಗಿಲ್ಲ. "ಅಪ್ಪಾ, ತಿಂಗಳು ತಿಂಗಳು ಫೀಜು ಕೊಡುವುದು ಮಗು ಕಸ ಗುಡಿಸಲಿ ಎಂದೇ? ಬೇರೆ ಶಾಲೆಗೆ ಸೇರಿಸುತ್ತೇನೆ" ಎಂದಳು. ಗರಡಿಯಲ್ಲಿ ಮಣ್ಣು ಅಗೆಯುತ್ತಿದ್ದವರ ಕಥೆಯನ್ನು ಹೇಳಿದೆನು. ಅದೆಲ್ಲ ಹಳೆಯ ಕಾಲವೆಂದಳು. ನೆರೆಯ ಹುಡುಗನ ಹಲ್ಲನ್ನು ಹೋಗಿ ನೋಡಿಕೊಂಡು ಬಾ ಎಂದೆನು. ಹೋದಳು, ಅಲ್ಲಿ ಕಾಫಿ ಕುಡಿದು ಬಹಳ ಹೊತ್ತು ಮಾತನಾಡಿ ಬಂದಳು. ಬಂದು ಏನೂ ಹೇಳಲಿಲ್ಲ. ಬೇರೆ ಶಾಲೆಯ ಮಾತನ್ನು ಮಾತ್ರ ಮತ್ತೆ ಎತ್ತಿಲ್ಲ.

ಮೂರು ತಿಂಗಳಲ್ಲಿ ಇನ್ನೂ ಐದು ವಾರ ಉಳಿದಿವೆ. ಶನಿವಾರಗಳಂದು ಹುಡುಗನು ತಾಯಿಯನ್ನು ಐದು ಗಂಟೆಗೇ ಎಬ್ಬಿಸುತ್ತಾನಂತೆ. ಇಷ್ಟು ಬೇಗ ಏಕೋ ಎಂದು ಅವಳು ಕೇಳಿದರೆ, ತಡವಾಗಿ ಹೋದರೆ ಬೇರೆಯವರು ಗುಡಿಸಿಬಿಡುತ್ತಾರೆ ಎನ್ನುತ್ತಾನಂತೆ.